ಎಡಗಾಲಿಗೆ ಕೆಲಸ ಕೊಡಬೇಕೇ, ಬೇಡವೇ? ಗೇರ್ ಕಾರು, ಆಟೊಮ್ಯಾಟಿಕ್ ಕಾರು ಮತ್ತು ಕಲಿಯುವವರ ಪಾಡು

ಎಲ್ ಬೋರ್ಡ್

ನನಗೆ ನಲವತ್ತೊಂದು ವರ್ಷ. ಕಾರು ಕಲಿಯಲು ಸೇರಿ ಹನ್ನೆರಡು ತರಗತಿ ಮುಗಿದಿವೆ, ಇನ್ನು ಎಂಟು ಬಾಕಿ. ಶಾಲೆಯವರದು ಗೇರ್ ಕಾರು, ಮನೆಯಲ್ಲಿರುವುದು ಆಟೊಮ್ಯಾಟಿಕ್. ಸಪಾಟು ರಸ್ತೆಯಲ್ಲಿ ಮೂರನೆಯ ಗೇರಿನವರೆಗೆ ಹೋಗುತ್ತೇನೆ, ತಿರುವಿಗೂ ಹೆದರುವುದಿಲ್ಲ. ಏರಿನಲ್ಲಿ ಸಿಗ್ನಲ್ ಬಿದ್ದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ನಿನ್ನೆ ಒಂದೇ ಹಸಿರು ದೀಪದಲ್ಲಿ ಮೂರು ಸಲ ಇಂಜಿನ್ ನಿಂತುಹೋಯಿತು. ಮೂರನೆಯ ಸಲ ಕಾರು ಎರಡು ಗೇಣು ಹಿಂದಕ್ಕೆ ಜಾರಿತು. ಹಿಂದಿನ ವಾಹನದವರು ಹಾರ್ನ್ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ. ಕಲಿಸುವವರು ತಮ್ಮ ಕಾಲಬುಡದ ಬ್ರೇಕನ್ನು ಒತ್ತಿ ಹಿಡಿದು, ಏನೂ ಹೇಳದೆ ಕಿಟಕಿಯಾಚೆ ನೋಡುತ್ತ ಕುಳಿತರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮನೆಯ ಕಾರಿಗೆ ಕ್ಲಚ್ಚೇ ಇಲ್ಲದಿರುವಾಗ ಈ ಪಾಡು ನನಗೇಕೆ? ನನ್ನ ತಮ್ಮನ ಪ್ರಕಾರ ಗೇರ್ ಬಾರದವರಿಗೆ ಕಾರು ಓಡಿಸಲು ಬರುತ್ತದೆ ಎನ್ನುವಂತಿಲ್ಲ. ಮಗಳ ಪ್ರಕಾರ ಅವಳಿಗೆ ಲೈಸೆನ್ಸ್ ಸಿಗುವ ಹೊತ್ತಿಗೆ ಕ್ಲಚ್ ಎಂಬುದು ವಸ್ತುಸಂಗ್ರಹಾಲಯ ಸೇರಿರುತ್ತದೆ. ಉಳಿದ ಎಂಟು ತರಗತಿಯನ್ನು ಬಿಟ್ಟು ಮನೆಯ ಕಾರಿನಲ್ಲೇ ಕಲಿತುಬಿಡಲೇ? ಅನುಭವಸ್ಥರು ಹೇಳಿ.

ಹಳೆಯ ಗೇರ್‌ಬಾಕ್ಸ್

ಬಿಡಬೇಡಿ ತಾಯಿ. ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಒಂದೇ ಮಾತು ಹೇಳುತ್ತೇನೆ: ಗೇರ್ ಕಲಿತವನು ಆಟೊಮ್ಯಾಟಿಕ್ ಕಾರಿನಲ್ಲಿ ಕುಳಿತರೆ ಹತ್ತು ನಿಮಿಷದಲ್ಲಿ ಓಡಿಸುತ್ತಾನೆ, ಆಟೊಮ್ಯಾಟಿಕ್ ಕಲಿತವನು ಗೇರ್ ಕಾರಿನಲ್ಲಿ ಕುಳಿತರೆ ಗೇಟು ದಾಟುವುದಿಲ್ಲ. ನಡುರಾತ್ರಿ ಯಾರಿಗೋ ಎದೆನೋವು ಬಂದು, ಮನೆಯ ಮುಂದೆ ನಿಂತಿರುವುದು ಗೇರ್ ಕಾರು ಒಂದೇ ಆದರೆ ಆಗ ಏನು ಮಾಡುತ್ತೀರಿ? ಬ್ಯಾಟರಿ ಸತ್ತರೆ ಗೇರ್ ಕಾರನ್ನು ನಾಲ್ಕು ಜನ ತಳ್ಳಿ ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ಚಾಲೂ ಮಾಡಬಹುದು. ಆಟೊಮ್ಯಾಟಿಕ್ ಕಾರನ್ನು ಊರೆಲ್ಲ ಸೇರಿ ತಳ್ಳಿದರೂ ಪ್ರಯೋಜನವಿಲ್ಲ.

ಮುಖ್ಯವಾಗಿ, ಗೇರ್ ಹಾಕುವವನು ಇಂಜಿನ್ನಿನ ಮಾತು ಕೇಳುತ್ತಾನೆ. ಆಟೊಮ್ಯಾಟಿಕ್‌ನವನು ಹಾಡು ಕೇಳುತ್ತಾನೆ.

ನಟ್ಟುಬೋಲ್ಟು

ಹಳೆಯ ಗೇರ್‌ಬಾಕ್ಸ್ ಅವರೇ, ನಿಮಗೆ ಡಬಲ್ ಕ್ಲಚ್ ಹಾಕಲು ಬರುತ್ತದೆಯೇ? ಗೇರ್ ಬದಲಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಕೆಳಗಿನ ಗೇರಿಗಾದರೆ ಆಕ್ಸಿಲರೇಟರ್ ಒಮ್ಮೆ ಒತ್ತಿ ಇಂಜಿನ್ ವೇಗವನ್ನು ಸರಿಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಗೇರಿಗೆ ಹಾಕುವುದು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಬರುವ ಮೊದಲು ಹಲ್ಲು ಕಿರುಗುಟ್ಟದೆ ಗೇರ್ ಬೀಳಬೇಕಾದರೆ ಈ ವಿದ್ಯೆ ಬೇಕಿತ್ತು. ಅದು ಬಾರದವನು ಚಾಲಕನೇ ಅಲ್ಲ ಎಂದು ಅಂದಿನ ಹಿರಿಯರೂ ಹೇಳಿರಲೇಬೇಕು. ಈಗ ನೀವು ನಿಶ್ಚಿಂತೆಯಿಂದ ಗೇರ್ ಹಾಕುವಾಗ ಒಳಗೆ ಹಿತ್ತಾಳೆಯ ಪುಟ್ಟ ಬಳೆಗಳು ನಿಮ್ಮ ಪರವಾಗಿ ಆ ಕೆಲಸ ಮಾಡುತ್ತಿವೆ. ಅರ್ಧ ಆಟೊಮ್ಯಾಟಿಕ್ ಆಗಲೇ ನಿಮ್ಮ ಕಾರಿನಲ್ಲಿದೆ, ಸರ್.

ಎಲ್ ಬೋರ್ಡ್ ಅವರಿಗೆ: ಇಂಜಿನ್ ಏಕೆ ನಿಲ್ಲುತ್ತದೆ ಎಂಬುದು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ನಿಗೆ ನಿಂತಲ್ಲಿಂದ ಎಳೆಯುವ ಶಕ್ತಿ ಇಲ್ಲ. ತಾನು ಉಸಿರಾಡಲೇ ಅದಕ್ಕೆ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ಬೇಕು. ಚಕ್ರ ಸೊನ್ನೆಯಲ್ಲಿ ನಿಂತಿದೆ, ಇಂಜಿನ್ 800ರಲ್ಲಿ ತಿರುಗುತ್ತಿದೆ. ಎರಡನ್ನೂ ಒಮ್ಮೆಲೇ ಬೆಸೆದರೆ ಯಾರಾದರೊಬ್ಬರು ಸೋಲಬೇಕು, ಸೋಲುವುದು ಇಂಜಿನ್. ಕ್ಲಚ್ ಎಂದರೆ ಈ ಇಬ್ಬರನ್ನೂ ಸ್ವಲ್ಪ ಹೊತ್ತು ಉಜ್ಜಿಕೊಳ್ಳಲು ಬಿಟ್ಟು ರಾಜಿ ಮಾಡಿಸುವ ತಟ್ಟೆ. ಆಟೊಮ್ಯಾಟಿಕ್‌ನಲ್ಲಿ ಆ ರಾಜಿಯನ್ನು ಬೇರೆ ಯಾರೋ ಮಾಡಿಸುತ್ತಾರೆ, ಅಷ್ಟೇ.

ಆ ‘ಬೇರೆ ಯಾರೋ’ ಎಲ್ಲ ಕಾರಿನಲ್ಲೂ ಒಬ್ಬರೇ ಅಲ್ಲ. ನಿಮ್ಮ ಮನೆಯಲ್ಲಿರುವುದು ಯಾವ ಬಗೆ ಎಂದು ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಟಾರ್ಕ್ ಕನ್ವರ್ಟರ್ ಇದ್ದರೆ ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಹಚ್ಚಿದರೆ ಗಾಳಿಗೆ ಇನ್ನೊಂದೂ ತಿರುಗುವುದಿಲ್ಲವೇ, ಹಾಗೆ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದ ಹೈಡ್ರಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ ಹಿಡಿದು ಎಣ್ಣೆಯ ಮೂಲಕ ಬಲ ದಾಟಿಸುವ ಈ ಉಪಾಯ ನಡೆದುಬಂದಿದೆ. ಸಿವಿಟಿಯಲ್ಲಿ ಮೆಟ್ಟಿಲುಗಳಂಥ ಗೇರುಗಳೇ ಇಲ್ಲ. ಹಿಗ್ಗುವ ಕುಗ್ಗುವ ಎರಡು ರಾಟೆ, ನಡುವೆ ಒಂದು ಪಟ್ಟಿ. 1958ರಲ್ಲಿ ಜನರೆದುರು ಬಂದ ನೆದರ್ಲೆಂಡ್ಸ್‌ನ ಡಾಫ್ 600 ಕಾರು ಇದನ್ನು ರಸ್ತೆಗೆ ತಂದಿತು. ಆ ಕಾರು ಮುಂದಕ್ಕೆ ಓಡುವಷ್ಟೇ ವೇಗವಾಗಿ ಹಿಂದಕ್ಕೂ ಓಡುತ್ತಿತ್ತು! (ವಿಷಯಕ್ಕೆ ಸಂಬಂಧವಿಲ್ಲ, ಆದರೆ ಹೇಳದೆ ಇರಲಾಗಲಿಲ್ಲ.) ಡ್ಯುಯಲ್ ಕ್ಲಚ್‌ನಲ್ಲಿ ಎರಡು ಕ್ಲಚ್‌ಗಳಿವೆ, ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಇನ್ನು ಎಎಂಟಿ ಎಂಬುದು ಅಪ್ಪಟ ಗೇರ್ ಕಾರೇ. ನಿಮ್ಮ ಎಡಗಾಲಿನ ಬದಲು ಒಂದು ಯಂತ್ರ ಕ್ಲಚ್ ಒತ್ತುತ್ತದೆ, ಎಡಗೈಯ ಬದಲು ಇನ್ನೊಂದು ಯಂತ್ರ ಗೇರ್ ಹಾಕುತ್ತದೆ. ಅದಕ್ಕೇ ಗೇರ್ ಬದಲಾಗುವಾಗ ಒಳಗಿದ್ದವರ ತಲೆ ಒಮ್ಮೆ ‘ಹೂಂ’ ಎಂದಂತೆ ಅಲ್ಲಾಡುತ್ತದೆ.

ವಿದ್ಯುತ್ ಕಾರಿನಲ್ಲಿ ಈ ತಕರಾರೇ ಇಲ್ಲ. ಮೋಟಾರು ಸೊನ್ನೆ ಸುತ್ತಿನಲ್ಲೇ ಪೂರ್ತಿ ಬಲ ಕೊಡುತ್ತದೆ. ಹಾಗಾಗಿ ಬಹುತೇಕ ಎಲ್ಲವಕ್ಕೂ ಒಂದೇ ಸ್ಥಿರ ಗೇರು. ಮಗಳ ಮಾತಿನಲ್ಲಿ ಸತ್ಯಾಂಶವಿದೆ.

ಕಲಿಸುವವ

ವೃತ್ತಿಯಲ್ಲಿ ತರಬೇತುದಾರ. ಕಿಟಕಿಯಾಚೆ ನೋಡಿದವನು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮೇಡಂ, ನಿಮ್ಮ ತೊಂದರೆ ಏರಿನದಲ್ಲ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಹನ್ನೆರಡು ತರಗತಿಯಲ್ಲಿ ಗೊತ್ತಾಗದಿದ್ದರೆ ತಪ್ಪು ಕಲಿಸಿದ ಕ್ರಮದ್ದು. ಬಹಳ ಕಡೆ ಮೊದಲ ದಿನವೇ ರಸ್ತೆಗಿಳಿಸಿ, ‘ಕ್ಲಚ್ ಬಿಡಿ, ಆಕ್ಸಿಲರೇಟರ್ ಕೊಡಿ, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡೂ ಕಾಲು ಒಟ್ಟಿಗೆ ಹೊಸ ಕೆಲಸ ಕಲಿಯುವುದಿಲ್ಲ.

ಹೀಗೆ ಮಾಡಿ ನೋಡಿ. ಖಾಲಿ ಮೈದಾನ, ಸಮತಟ್ಟು ನೆಲ, ಪಕ್ಕದಲ್ಲಿ ತಿಳಿದವರೊಬ್ಬರು. ಮೊದಲು ಸೀಟನ್ನು ಸರಿಮಾಡಿಕೊಳ್ಳಿ: ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಯೇ ಇರಬೇಕು. ಕಾಲು ಪೂರ್ತಿ ಚಾಚಿದರೆ ಸೀಟು ಹಿಂದಿದೆ ಎಂದರ್ಥ, ಆ ಕಾಲಿನಿಂದ ಸೂಕ್ಷ್ಮ ಕೆಲಸ ಆಗದು. ದಪ್ಪ ಅಟ್ಟೆಯ ಪಾದರಕ್ಷೆ ಬೇಡ. ಇಂಜಿನ್ ಚಾಲೂ ಮಾಡಿ, ಮೊದಲ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ. ಬಲಗಾಲು ಬ್ರೇಕಿನ ಮೇಲೆ ಸುಮ್ಮನೆ ಕಾಯುತ್ತಿರಲಿ. ಆಕ್ಸಿಲರೇಟರ್ ಎಂಬುದೊಂದು ಇದೆ ಎಂದೇ ಮರೆತುಬಿಡಿ.

ಈಗ ಎಡಗಾಲನ್ನು ಎತ್ತುತ್ತ ಬನ್ನಿ. ಎಷ್ಟು ನಿಧಾನ ಎಂದರೆ, ಬೇಸರ ಬರುವಷ್ಟು ನಿಧಾನ. ಒಂದು ಹಂತದಲ್ಲಿ ಇಂಜಿನ್ನಿನ ಸದ್ದು ಸ್ವಲ್ಪ ಭಾರವಾಗುತ್ತದೆ, ಹೊರೆ ಹೊತ್ತವನು ಎದ್ದು ನಿಲ್ಲುವಾಗ ಧ್ವನಿ ಬದಲಾಗುವ ಹಾಗೆ. ಇಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಸ್ಟಿಯರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತದೆ. ಅಲ್ಲೇ ನಿಲ್ಲಿಸಿ. ಕಾರು ತಾನಾಗಿ ಇರುವೆಯ ಹಾಗೆ ಹರಿಯತೊಡಗುತ್ತದೆ. ಹರಿಯಿತೆಂಬ ಸಂತೋಷಕ್ಕೆ ಕಾಲನ್ನು ಪೂರ್ತಿ ಎತ್ತಿಬಿಡಬೇಡಿ! ನೂರಕ್ಕೆ ತೊಂಬತ್ತು ಮಂದಿ ಕಾರನ್ನು ನಿಲ್ಲಿಸಿಕೊಳ್ಳುವುದು ಈ ಕ್ಷಣದಲ್ಲೇ. ಹರಿಯತೊಡಗಿದ ಮೇಲೂ ‘ಒಂದು, ಎರಡು’ ಎಂದು ಎಣಿಸುವಷ್ಟು ಹೊತ್ತು ಕಾಲು ಅಲ್ಲೇ ಇರಬೇಕು. ಆಮೇಲೆ ಮತ್ತೆ ಕ್ಲಚ್ ಒತ್ತಿ, ಬ್ರೇಕ್ ಒತ್ತಿ ನಿಲ್ಲಿಸಿ. ಇದನ್ನು ಇಪ್ಪತ್ತು ಸಲ ಮಾಡಿ. ಮರುದಿನ ಇನ್ನೂ ಇಪ್ಪತ್ತು.

ಆ ಜಾಗವನ್ನು ಕಾಲು ಗುರುತಿಸಿತೆಂದರೆ ಏರು ಏನೂ ಅಲ್ಲ. ಹ್ಯಾಂಡ್‌ಬ್ರೇಕ್ ಎಳೆದೇ ಇರಲಿ. ಮೊದಲ ಗೇರ್, ಆಕ್ಸಿಲರೇಟರನ್ನು ಸುಮಾರು 1,500 ಸುತ್ತಿನಲ್ಲಿ ಒಂದೇ ಸಮನೆ ಹಿಡಿದು, ಕ್ಲಚ್ಚನ್ನು ಆ ಜಾಗಕ್ಕೆ ತನ್ನಿ. ಮುಂದಿನ ಚಕ್ರ ಎಳೆಯುವ ಕಾರಾದರೆ ಬಾನೆಟ್ ಸ್ವಲ್ಪ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಕಾರು ಹೊರಡಲು ಹಗ್ಗ ಜಗ್ಗುತ್ತಿದೆ ಅನ್ನಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂದಕ್ಕೆ ಒಂದು ಬೆರಳೂ ಜಾರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಮನೆಯಲ್ಲಿ ಆಟೊಮ್ಯಾಟಿಕ್ ಮಾತ್ರ ಇದ್ದು, ರಸ್ತೆ ಕಂಡರೇ ಭಯಪಡುವ ವಿದ್ಯಾರ್ಥಿ ಬಂದರೆ ನಾನು ಆಟೊಮ್ಯಾಟಿಕ್‌ನಲ್ಲೇ ಆರಂಭಿಸುತ್ತೇನೆ. ಕಲಿಯುವವರ ಗಮನ ಒಂದು ಚೊಂಬು ನೀರು. ಅರ್ಧ ಕ್ಲಚ್ಚಿಗೇ ಖರ್ಚಾದರೆ ಅಡ್ಡಬರುವ ಮಗುವಿಗೆ ಉಳಿಯುವುದೆಷ್ಟು? ಆದರೆ ನೀವು ತಿರುವಿಗೆ ಹೆದರುವುದಿಲ್ಲ, ಮೂರನೆಯ ಗೇರಿಗೆ ಹೋಗುತ್ತೀರಿ. ಮುಕ್ಕಾಲು ದಾರಿ ದಾಟಿದ್ದೀರಿ. ಈ ವ್ಯಾಯಾಮ ಮಾಡಿ, ಆಮೇಲೆ ತೀರ್ಮಾನಿಸಿ.

ಎಡಗಾಲು

ಹಳೆಯ ಗೇರ್‌ಬಾಕ್ಸ್ ಸರ್ ಹೇಳಿದ ಆ ‘ಹತ್ತು ನಿಮಿಷ’ದ ಬಗ್ಗೆ ನನ್ನದೊಂದು ಕಥೆ ಇದೆ.

ಹದಿನೈದು ವರ್ಷ ಗೇರ್ ಕಾರು ಓಡಿಸಿದವಳು ನಾನು. ಅಕ್ಕನ ಹೊಸ ಆಟೊಮ್ಯಾಟಿಕ್ ಕಾರನ್ನು ಹತ್ತಿದೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ನೀರಿನ ಬಾಟಲಿ. ಎರಡು ಕಿಲೋಮೀಟರ್ ಬೆಣ್ಣೆಯ ಹಾಗೆ ಹೋಯಿತು. ‘ಇಷ್ಟೇನಾ!’ ಎಂದೂ ಅಂದೆ. ಮುಂದೆ ಉಬ್ಬು ಕಾಣಿಸಿತು. ಹದಿನೈದು ವರ್ಷದ ರೂಢಿ, ಎಡಗಾಲು ತಾನಾಗಿ ಎದ್ದು ಕ್ಲಚ್ ಹುಡುಕಿಕೊಂಡು ಹೋಗಿ ಜೋರಾಗಿ ತುಳಿಯಿತು. ಅಲ್ಲಿದ್ದುದು ಕ್ಲಚ್ ಅಲ್ಲ. ಆಟೊಮ್ಯಾಟಿಕ್‌ನ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ, ಎಡಗಾಲಿಗೂ ಸಿಗುವಷ್ಟು. ಕ್ಲಚ್ಚನ್ನು ತಳಮುಟ್ಟ ತುಳಿಯುವ ಬಲದಲ್ಲಿ ಬ್ರೇಕನ್ನು ತುಳಿದರೆ ಏನಾಗುತ್ತದೆಯೋ ಅದೇ ಆಯಿತು. ಬಾಟಲಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಅಮ್ಮ ಸೀಟ್ ಬೆಲ್ಟ್ ಹಾಕಿದ್ದರು, ಬಚಾವಾದೆವು. ಹಿಂದೆ ವಾಹನವಿರಲಿಲ್ಲ, ಇನ್ನೊಮ್ಮೆ ಬಚಾವಾದೆವು.

ಅಂದಿನಿಂದ ಆಟೊಮ್ಯಾಟಿಕ್ ಹತ್ತಿದ ಕೂಡಲೇ ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು ಕೂರುತ್ತೇನೆ. ಬ್ರೇಕಿಗೂ ಬಲಗಾಲೇ, ಆಕ್ಸಿಲರೇಟರಿಗೂ ಬಲಗಾಲೇ. ಒಂದೇ ಕಾಲು ಎರಡನ್ನೂ ಒಟ್ಟಿಗೆ ತುಳಿಯಲಾರದು, ಅದೇ ಅದರ ರಕ್ಷೆ.

ಹಿಂದಿನ ಸೀಟು

ನನಗೆ ಎರಡೂ ಬಾರದು, ಬೇಕಾಗಿಯೂ ಇಲ್ಲ. ಆದರೆ ಎಲ್ಲರ ಕಾರಿನಲ್ಲೂ ಕುಳಿತಿದ್ದೇನೆ. ವಾಂತಿ ಬರುವುದು ಗೇರಿನಿಂದಲೂ ಅಲ್ಲ, ಆಟೊಮ್ಯಾಟಿಕ್‌ನಿಂದಲೂ ಅಲ್ಲ, ಓಡಿಸುವವರ ಬಲಗಾಲಿನಿಂದ.

ಹಳೆಯ ಗೇರ್‌ಬಾಕ್ಸ್

ನಟ್ಟುಬೋಲ್ಟು ಅವರೇ, ಡಬಲ್ ಕ್ಲಚ್ ಬರುವುದಿಲ್ಲ. ಒಪ್ಪಿಕೊಂಡೆ. ನನ್ನ ತಂದೆಗೆ ಬರುತ್ತಿತ್ತು, ಮತ್ತು ಹೌದು, ನನ್ನನ್ನು ನೋಡಿ ಅವರು ನಗುತ್ತಿದ್ದರು.

ಆದರೆ ಘಟ್ಟದ ಇಳಿಜಾರಿನ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಗೇರ್ ಕಲಿತವನಿಗೆ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಮೈಗೇ ಗೊತ್ತಿರುತ್ತದೆ. ಆಟೊಮ್ಯಾಟಿಕ್‌ನವರು ‘ಡಿ’ಯಲ್ಲೇ (ಮುಂದಕ್ಕೆ ಓಡಿಸುವ ಡ್ರೈವ್ ಸ್ಥಾನ) ಇಟ್ಟು ಕಿಲೋಮೀಟರುಗಟ್ಟಲೆ ಬ್ರೇಕ್ ಒತ್ತುತ್ತ ಇಳಿಯುತ್ತಾರೆ. ಅವರ ಹಿಂದೆ ಹೋದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬ್ರೇಕ್ ಕಾದು ಕೆಂಪಾದ ಮೇಲೆ ಪೆಡಲ್ ಒತ್ತಿದರೂ ಕಾರು ನಿಲ್ಲದು. ಇದಕ್ಕೇನು ಹೇಳುತ್ತೀರಿ?

ಇಳಿಜಾರು

ಸರ್ ಹೇಳಿದ ವಾಸನೆ ನಿಜ, ನಾನೇ ಒಮ್ಮೆ ಹೊರಡಿಸಿದ್ದೇನೆ. ಆದರೆ ಅದು ಕಾರಿನ ದೋಷವಲ್ಲ. ಗೇರ್ ಕಡ್ಡಿಯ ಬಳಿ ‘ಡಿ’ಯ ಕೆಳಗೆ ಏನಿದೆ ಎಂದು ನಾನು ಎರಡು ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ಕೆಲವದರಲ್ಲಿ ‘ಎಲ್’ ಅಥವಾ ‘2’ ಇರುತ್ತದೆ, ಕೆಲವದರಲ್ಲಿ ‘ಎಸ್’, ಕೆಲವು ಹೈಬ್ರಿಡ್ ಕಾರುಗಳಲ್ಲಿ ‘ಬಿ’, ಇನ್ನು ಕೆಲವದರಲ್ಲಿ ಕೂಡುವ ಕಳೆಯುವ ಚಿಹ್ನೆಗಳು. ಇಳಿಜಾರು ಶುರುವಾಗುವ ಮುಂಚೆಯೇ ಅದಕ್ಕೆ ಹಾಕಿದರೆ ಗೇರ್ ಕಾರಿನ ಹಾಗೆಯೇ ಇಂಜಿನ್ ಹಿಡಿದಿಡುತ್ತದೆ.

ಇದರ ಜೊತೆಗೆ ಎರಡೂ ಬಗೆಯವರಿಗೆ ಒಂದು ಮಾತು. ‘ಪೆಟ್ರೋಲ್ ಉಳಿಯುತ್ತದೆ’ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ಇನ್ನೂ ನೋಡುತ್ತೇನೆ. ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ಪೂರ್ತಿ ಕಡಿದುಬಿಡುತ್ತವೆ, ಉರುಳುವ ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದಿರೋ, ಅದು ಆರದಿರಲು ಮತ್ತೆ ಇಂಧನ ಕುಡಿಯಬೇಕು. ಉಳಿಸಲು ಹೋಗಿ ಹೆಚ್ಚು ಸುಟ್ಟು, ಮೇಲಿಂದ ಹಿಡಿತವನ್ನೂ ಕಳೆದುಕೊಂಡ ಹಾಗೆ.

ಎಲ್ ಬೋರ್ಡ್ ಅವರು ಮನೆಯ ಕಾರಿಗೆ ಬರುವುದಾದರೆ ಇನ್ನೆರಡು ವಿಷಯ. ನನ್ನ ಕಾರು ಎಎಂಟಿ. ‘ಆಟೊಮ್ಯಾಟಿಕ್ ಏರಿನಲ್ಲಿ ಜಾರುವುದಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಬ್ರೇಕ್ ಬಿಟ್ಟೆ, ಜಾರಿತು. ಏರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಹಿಲ್ ಹೋಲ್ಡ್ ಎಂಬ ಸೌಲಭ್ಯ ಇದ್ದರೆ ಒಂದೆರಡು ಸೆಕೆಂಡು ಹಿಡಿಯುತ್ತದೆ, ನನ್ನದರಲ್ಲಿ ಅದೂ ಇರಲಿಲ್ಲ. ಇನ್ನು ಕೆಲವರು ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆಯೇ ಕಾರನ್ನು ತೂಗಿ ನಿಲ್ಲಿಸುತ್ತಾರೆ. ಎಎಂಟಿ ಮತ್ತು ಡ್ಯುಯಲ್ ಕ್ಲಚ್ ಕಾರುಗಳಲ್ಲಿ ಅದು ಅರ್ಧ ಕ್ಲಚ್ ಒತ್ತಿ ನಿಂತಂತೆಯೇ. ಪೆಡಲ್ ಕಾಣದಿದ್ದರೂ ಒಳಗೆ ತಟ್ಟೆ ಸವೆಯುತ್ತಿರುತ್ತದೆ.

ಎರಡನೆಯದು, ‘ಪಿ’, ಅಂದರೆ ಪಾರ್ಕಿಂಗ್. ಇಳಿಜಾರಿನಲ್ಲಿ ನಿಲ್ಲಿಸಿ ಸೀದಾ ‘ಪಿ’ಗೆ ಹಾಕಿ ಕಾಲೆತ್ತಿದರೆ ಕಾರು ಸ್ವಲ್ಪ ಉರುಳಿ ‘ಟಕ್’ ಎಂದು ಎಲ್ಲೋ ಸಿಕ್ಕಿಕೊಂಡು ನಿಲ್ಲುತ್ತದೆ. ಆ ‘ಟಕ್’ ಎಂದರೆ ಗೇರ್‌ಬಾಕ್ಸ್ ಒಳಗಿನ ಹೆಬ್ಬೆರಳಿನಷ್ಟು ದೊಡ್ಡ ಕೊಕ್ಕೆಯೊಂದರ ಮೇಲೆ ಇಡೀ ಕಾರಿನ ಭಾರ ಬಿದ್ದ ಸದ್ದು. ಮತ್ತೆ ‘ಪಿ’ಯಿಂದ ತೆಗೆಯುವಾಗ ಕಡ್ಡಿ ಬಿಗಿದುಕೊಂಡು ಬರುವುದೂ ಅದಕ್ಕೇ. ಬ್ರೇಕ್ ಹಿಡಿದು, ‘ಎನ್’ (ನ್ಯೂಟ್ರಲ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನು ಒಮ್ಮೆ ಸಡಿಲಿಸಿ ಭಾರವನ್ನು ಹ್ಯಾಂಡ್‌ಬ್ರೇಕಿಗೆ ಒಪ್ಪಿಸಿ. ‘ಪಿ’ ಕೊನೆಗೆ.

ದೂರದೇಶಿ

ಎಲ್ಲರೂ ಕಾಲಿನ ಬಗ್ಗೆಯೇ ಮಾತನಾಡಿದಿರಿ, ಕಾಗದದ ಬಗ್ಗೆಯೂ ಒಂದಿಷ್ಟು. ಮುಂದೆಂದಾದರೂ ಹೊರದೇಶದಲ್ಲಿ ನೆಲೆಸುವ ಯೋಚನೆಯಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದವರು ಗೇರ್ ಕಾರು ಓಡಿಸುವಂತಿಲ್ಲ. ಗೇರ್ ಕಾರಿನಲ್ಲಿ ಪಾಸಾದವರಿಗೆ ಎರಡೂ ಸಲ್ಲುತ್ತದೆ. ಯುರೋಪಿನ ಪರವಾನಗಿಗಳಲ್ಲಿ ಈ ನಿರ್ಬಂಧಕ್ಕೆ 78 ಎಂಬ ಸಂಕೇತವಿದೆ. ಜರ್ಮನಿ 2021ರ ಏಪ್ರಿಲ್‌ನಿಂದ ಒಂದು ನಡುದಾರಿ ಮಾಡಿಕೊಂಡಿದೆ: ಗೇರ್ ಕಾರಿನಲ್ಲಿ ಕನಿಷ್ಠ ಹತ್ತು ಪಾಠ ಮುಗಿಸಿ, ಶಾಲೆಯಲ್ಲಿ ಹದಿನೈದು ನಿಮಿಷ ಓಡಿಸಿ ತೋರಿಸಿದರೆ, ಮುಖ್ಯ ಪರೀಕ್ಷೆಯನ್ನು ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೂ ಎರಡನ್ನೂ ಓಡಿಸಬಹುದು. ಜಪಾನಿನಲ್ಲಂತೂ ಆಟೊಮ್ಯಾಟಿಕ್‌ಗೆ ಮಾತ್ರ ಸೀಮಿತವಾದ ಪರವಾನಗಿ 1991ರಿಂದಲೇ ಇದೆ. ಅಮೆರಿಕದಲ್ಲಿ ಸಾಮಾನ್ಯ ಕಾರಿನ ಪರವಾನಗಿಗೆ ಈ ಭೇದವೇ ಇಲ್ಲ.

ನನ್ನ ಕಥೆ ಏನೆಂದರೆ, ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಗೇರ್ ಕಾರು ಬಿಟ್ಟೆ. ಬಿಡುವಾಗ ಬಹಳ ದುಃಖವಾಗುತ್ತದೆ ಎಂದುಕೊಂಡಿದ್ದೆ. ಮೊದಲ ದಿನ ಕಚೇರಿ ಬಿಡುವ ಹೊತ್ತಿನ ವಾಹನಸಾಲಿನಲ್ಲಿ ಸಿಕ್ಕಿಕೊಂಡಾಗ ದುಃಖವೆಲ್ಲ ಮಾಯವಾಯಿತು.

ಎಲ್ ಬೋರ್ಡ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆ.

ಕಲಿಸುವವರು ಹೇಳಿದ ವ್ಯಾಯಾಮವನ್ನು ತಮ್ಮನ ಗೇರ್ ಕಾರಿನಲ್ಲಿ ಮಾಡಿದೆ. ಮೊದಲ ಆರು ಸಲ ನನಗೆ ಯಾವ ಸದ್ದೂ ಬದಲಾಗಿ ಕೇಳಲಿಲ್ಲ. ಏಳನೆಯ ಸಲ ತಮ್ಮ ಎಸಿ ಆರಿಸಿದ. ಆಗ ಕೇಳಿತು! ಇಷ್ಟು ದಿನ ಆ ಫ್ಯಾನಿನ ಗದ್ದಲದಲ್ಲಿ ಅದು ಮುಚ್ಚಿಹೋಗಿತ್ತು. ಇನ್ನೊಂದು ವಿಷಯವೂ ತಿಳಿಯಿತು: ನಾನು ಹಿಮ್ಮಡಿಯನ್ನು ನೆಲದಿಂದ ಎತ್ತಿ ಇಡೀ ಕಾಲನ್ನು ಗಾಳಿಯಲ್ಲಿ ತೂಗಾಡಿಸುತ್ತ ಕ್ಲಚ್ ಬಿಡುತ್ತಿದ್ದೆ. ಹಿಮ್ಮಡಿ ಊರಿದ ಮೇಲೆ ನಡುಕ ನಿಂತಿತು. ಸೀಟನ್ನೂ ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡೆ. ಉಳಿದ ಎಂಟು ತರಗತಿಯನ್ನೂ ಮುಗಿಸಿದೆ. ಅದೇ ಏರು, ಅದೇ ಸಿಗ್ನಲ್. ಒಂದು ಸಲ ನಿಂತಿತು. ಕ್ಲಚ್, ಬ್ರೇಕ್, ಕೀಲಿ ಎಂದು ಬಾಯಲ್ಲಿ ಹೇಳಿಕೊಂಡು ಮತ್ತೆ ಹೊರಟೆ. ಹಿಂದಿನಿಂದ ಹಾರ್ನ್ ಬಂತು, ಬರಲಿ.

ಆಮೇಲೆ ಮನೆಯ ಆಟೊಮ್ಯಾಟಿಕ್‌ಗೆ ಬಂದೆ. ನಿಮ್ಮಲ್ಲಿ ಯಾರೂ ಹೇಳದ ಒಂದು ಅನುಭವ ನನಗಾಯಿತು. ಗೇರ್ ಕಾರಿನಲ್ಲಿ ಗಾಬರಿಯಾದಾಗಲೆಲ್ಲ ಕ್ಲಚ್ ಒತ್ತುತ್ತಿದ್ದೆ. ಒತ್ತಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯಿತು, ಉಸಿರು ಬಿಡಬಹುದು. ಅದು ನನ್ನ ಹಿತ್ತಿಲ ಬಾಗಿಲಾಗಿತ್ತು. ಆಟೊಮ್ಯಾಟಿಕ್‌ನಲ್ಲಿ ಆ ಬಾಗಿಲೇ ಇಲ್ಲ. ‘ಡಿ’ಗೆ ಹಾಕಿ ಬ್ರೇಕಿನಿಂದ ಕಾಲು ಸಡಿಲಿಸಿದೆ, ನಾನು ಏನೂ ಕೊಡದಿದ್ದರೂ ಕಾರು ಗೋಡೆಯತ್ತ ನಡೆಯತೊಡಗಿತು. ಎಲ್ಲರೂ ‘ಸುಲಭ, ಸುಲಭ’ ಎಂದಿದ್ದ ಕಾರು! ಮೊದಲ ಎರಡು ದಿನ ಗೇಟಿನೊಳಗೆ, ಆಕ್ಸಿಲರೇಟರ್ ಮುಟ್ಟದೆ, ಬರಿಯ ಬ್ರೇಕ್ ಬಿಗಿಮಾಡುತ್ತ ಸಡಿಲಿಸುತ್ತ ಹಿಂದೆ ಮುಂದೆ ಮಾಡಿದೆ. ಎಡಗಾಲು ಅವರ ಮಾತಿನಂತೆ ಎಡಗಾಲನ್ನು ಸೀಟಿನ ಬುಡದಲ್ಲಿ ಕಟ್ಟಿಹಾಕಿದ್ದೇನೆ. ಒಂದೇ ದಿನ ಎರಡೂ ಕಾರು ಓಡಿಸುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇನೆ.

ಒಂದೇ ಒಂದು ಗೊಂದಲ ಉಳಿದಿದೆ. ಮೊನ್ನೆ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಿದ್ದೆ, ಮನೆಯ ಕಾರಿನ ಇಂಜಿನ್ ತಾನಾಗಿ ನಿಂತುಹೋಯಿತು. ಆಟೊಮ್ಯಾಟಿಕ್ ಕಾರನ್ನೂ ನಿಲ್ಲಿಸಿಕೊಂಡ ಮೊದಲ ಮನುಷ್ಯಳು ನಾನೇ ಇರಬೇಕು. ಗಾಬರಿಯಲ್ಲಿ ‘ಪಿ’ಗೆ ಹಾಕಿ, ಅಪಾಯದ ದೀಪ ಹಚ್ಚಿ, ತಮ್ಮನಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಏನು ತಪ್ಪು ಮಾಡಿದೆ?

ನಟ್ಟುಬೋಲ್ಟು

ಏನೂ ತಪ್ಪು ಮಾಡಿಲ್ಲ ಮೇಡಂ. ಇಂಧನ ಉಳಿಸಲೆಂದು ಕಾರು ತಾನೇ ಇಂಜಿನ್ ಆರಿಸಿಕೊಂಡಿದೆ. ಬ್ರೇಕಿನಿಂದ ಕಾಲು ಎತ್ತಿದ್ದರೆ ಮರುಕ್ಷಣ ಹೊತ್ತಿಕೊಳ್ಳುತ್ತಿತ್ತು. ಡ್ಯಾಶ್‌ಬೋರ್ಡಿನ ಆಸುಪಾಸಿನಲ್ಲಿ, ‘ಎ’ ಅಕ್ಷರದ ಸುತ್ತ ಬಾಣ ಸುತ್ತಿಕೊಂಡ ಚಿತ್ರವಿರುವ ಗುಂಡಿ ಇದೆಯೇ ನೋಡಿ. ಇದ್ದರೆ, ರೂಢಿಯಾಗುವ ತನಕ ಕಾರು ಹತ್ತಿದಾಗಲೆಲ್ಲ ಅದನ್ನು ಒತ್ತಿ ಆ ಸೌಲಭ್ಯವನ್ನು ಬಂದ್ ಮಾಡಿಡಬಹುದು.

ಹಳೆಯ ಗೇರ್‌ಬಾಕ್ಸ್

ಇದು ನನಗೂ ಈಗಲೇ ಗೊತ್ತಾದದ್ದು. ಮಗನ ಕಾರಿನಲ್ಲಿ ಎರಡು ಸಲ ಕೆಳಗಿಳಿದು ಬಾನೆಟ್ ತೆರೆದು ನೋಡಿದ್ದೇನೆ.